ಹೋಬಳಿಯಿಂದ ಕಟ್ಟುವ ಕೃಷಿ ಸಾಲ ಯೋಜನೆ: ಯಾದಗಿರಿಯಂಥ ಜಿಲ್ಲೆಯಲ್ಲಿ ನನ್ನ ಅನುಭವ

ಜಿಲ್ಲೆಯ ಬ್ಯಾಂಕುಗಳು ಒಂದು ವರ್ಷದಲ್ಲಿ ಕೊಡಬೇಕಾದ ಸಾಲದ ಗುರಿ ಹೇಳುವ ವಾರ್ಷಿಕ ಸಾಲ ಯೋಜನೆ ತಯಾರಿಸುವಾಗ ಹೋದ ವರ್ಷದ ಗುರಿಗೆ ಶೇ 10 ಸೇರಿಸಿ ಶಾಖೆಗಳಿಗೆ ಹಂಚಿಬಿಡುವ ಅಭ್ಯಾಸ ಬಹಳ ಕಡೆ ಇದೆ. ಮಾರ್ಚ್ ಕೊನೆಗೆ ಆ ಗುರಿ ಮುಟ್ಟಿಯೂ ಬಿಡುತ್ತದೆ. ಬೆಳೆ ಸಾಲದ ನವೀಕರಣವೂ ಚಿನ್ನದ ಮೇಲಿನ ಕೃಷಿ ಸಾಲವೂ ಅಂಕಿ ತುಂಬಿಸಿರುತ್ತವೆ. ಜಿಲ್ಲೆಯಲ್ಲಿ ಹೊಸದಾಗಿ ಎಷ್ಟು ಎಕರೆಗೆ ನೀರು ಬಂತು, ಎಷ್ಟು ಮನೆಗೆ ಕುರಿ ಬಂತು, ಎಷ್ಟು ಹೊಸ ರೈತರು ಬ್ಯಾಂಕಿನ ಮೆಟ್ಟಿಲು ಹತ್ತಿದರು ಎಂದು ಕೇಳಿದರೆ ಮಾತ್ರ ಉತ್ತರ ಸಿಗುವುದಿಲ್ಲ. ನಾನು ಯೋಜನೆಯನ್ನು ಹೋಬಳಿಯಿಂದ ಮೇಲಕ್ಕೆ ಕಟ್ಟುವುದು ಇದೇ ಕಾರಣಕ್ಕೆ. ಕೆಲಸ ಹೆಚ್ಚು, ಆದರೆ ಬರುವ ಅಂಕಿಯ ಹಿಂದೆ ಹೊಲ ಇರುತ್ತದೆ.

1969ರ ಕೊನೆಯಲ್ಲಿ, ಜಿಲ್ಲೆಯ ಬ್ಯಾಂಕುಗಳ ಕೆಲಸವನ್ನು ಒಂದು ಬ್ಯಾಂಕು ಮುಂದೆ ನಿಂತು ಹೊಂದಿಸುವ ಲೀಡ್ ಬ್ಯಾಂಕ್ ಯೋಜನೆ ಬಂದಾಗಿನಿಂದ ಜಿಲ್ಲೆಯೇ ಯೋಜನೆಯ ಘಟಕ. ಈಗಿನ ಕ್ರಮದಲ್ಲಿ ಜೂನ್‌ನಲ್ಲಿ ಲೀಡ್ ಬ್ಯಾಂಕ್ ಮ್ಯಾನೇಜರ್ ಬ್ಯಾಂಕುಗಳನ್ನೂ ಇಲಾಖೆಗಳನ್ನೂ ಸೇರಿಸಿ ಪೂರ್ವಭಾವಿ ಸಭೆ ಕರೆಯುತ್ತಾರೆ. ಆಗಸ್ಟ್ ಹೊತ್ತಿಗೆ ನಬಾರ್ಡ್‌ನ (ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕ್) ಜಿಲ್ಲಾ ಅಧಿಕಾರಿ ಮುಂದಿನ ವರ್ಷದ ಪಿಎಲ್‌ಪಿ, ಅಂದರೆ ಸಾಮರ್ಥ್ಯ ಆಧಾರಿತ ಸಾಲ ಯೋಜನೆ, ಮುಗಿಸಬೇಕು. ಅದರ ತಾಲ್ಲೂಕುವಾರು ಅಂಕಿ ಹಿಡಿದು ಶಾಖೆಗಳು ತಮ್ಮ ಯೋಜನೆ ಬರೆಯುತ್ತವೆ, ತಾಲ್ಲೂಕು ಮಟ್ಟದ ಬ್ಯಾಂಕರುಗಳ ಸಮಿತಿಯಲ್ಲಿ ಅವು ಒಟ್ಟುಗೂಡುತ್ತವೆ, ಜಿಲ್ಲಾ ಸಲಹಾ ಸಮಿತಿ ಒಪ್ಪಿದ ಮೇಲೆ ಏಪ್ರಿಲ್‌ನಿಂದ ಜಾರಿ. ಕಾಗದದ ಮೇಲೆ ಕ್ರಮ ಸರಿಯಾಗಿಯೇ ಇದೆ. ಶಾಖೆಯಿಂದ ಮೇಲೆ ಬರಬೇಕಾದ ಅಂಕಿ ಮೇಲಿನಿಂದ ಶಾಖೆಗೆ ಇಳಿದಾಗ ಅದು ಕೆಡುತ್ತದೆ. ಆದ್ದರಿಂದ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗಿನ ನಾಲ್ಕು ತಿಂಗಳನ್ನು ನಾನು ಹೋಬಳಿ ಲೆಕ್ಕಕ್ಕೇ ಮೀಸಲಿಡುತ್ತೇನೆ.

ಮೊದಲು ಜಿಲ್ಲೆಯನ್ನು ನೀರಿನ ಪ್ರಕಾರ ಒಡೆಯಬೇಕು. ಯಾದಗಿರಿಯನ್ನೇ ತೆಗೆದುಕೊಳ್ಳಿ. ಶಹಾಪುರ, ಸುರಪುರ, ಹುಣಸಗಿ ಭಾಗಕ್ಕೆ ನಾರಾಯಣಪುರ ಎಡದಂಡೆ ಕಾಲುವೆಯ ನೀರಿದೆ, ಅಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ. ಗುರುಮಠಕಲ್ ಕಡೆ ಮಳೆ, ಕೆರೆ, ಕೊಳವೆಬಾವಿ. ತೊಗರಿ, ಹೆಸರು, ಜೋಳ ಒಣಭೂಮಿಯ ಬೆಳೆಗಳು. ಕಾಲುವೆಯ ಆರಂಭದಲ್ಲಿರುವ ಊರಿಗೂ ಕೊನೆಯ ಊರಿಗೂ ಒಂದೇ ಲೆಕ್ಕ ಹಾಕಬಾರದು. ಹಿಂಗಾರಿಗೆ ನೀರು ಬಿಡುವುದನ್ನು ನೀರಾವರಿ ಸಲಹಾ ಸಮಿತಿ ಜಲಾಶಯ ನೋಡಿ ತೀರ್ಮಾನಿಸುತ್ತದೆ. ಎರಡನೇ ಭತ್ತದ ಸಾಲವನ್ನು ಯೋಜನೆಯಲ್ಲಿ ಬೇರೆ ಸಾಲಿನಲ್ಲಿ ಬರೆದು, ಆ ತೀರ್ಮಾನ ಬಂದ ಮೇಲೆ ಮಾತ್ರ ಶಾಖೆಗಳು ಅದನ್ನು ಬಳಸುವಂತೆ ಇಡುತ್ತೇನೆ. ಮೊದಲೇ ಸೇರಿಸಿಬಿಟ್ಟರೆ ನೀರು ಬಾರದ ವರ್ಷವೂ ಶಾಖೆಯ ಮೇಲೆ ಗುರಿಯ ಒತ್ತಡ ಉಳಿಯುತ್ತದೆ, ಆ ಒತ್ತಡ ನಾಳೆಯ ಸುಸ್ತಿ, ಅಂದರೆ ಗಡುವು ಮೀರಿದ ಬಾಕಿ.

ಬೆಳೆ ಸಾಲದ ಲೆಕ್ಕಕ್ಕೆ ಮೂರು ಕಾಗದ ಬೇಕು: ರೈತ ಸಂಪರ್ಕ ಕೇಂದ್ರದಿಂದ ಮೂರು ವರ್ಷದ ಬೆಳೆ ಸಮೀಕ್ಷೆಯ ವಿಸ್ತೀರ್ಣ, ಜಿಲ್ಲಾ ತಾಂತ್ರಿಕ ಸಮಿತಿ ನಿಗದಿ ಮಾಡಿದ ಸ್ಕೇಲ್ ಆಫ್ ಫೈನಾನ್ಸ್ (ಬೆಳೆವಾರು ಸಾಲದ ದರ), ಶಾಖೆ ಮತ್ತು ಸಹಕಾರಿ ಸೊಸೈಟಿಗಳ ಸುಸ್ತಿ ಪಟ್ಟಿ. ಒಂದು ಹೋಬಳಿಯ ಲೆಕ್ಕ ಹೀಗೆ ಸಾಗುತ್ತದೆ. ದರಗಳು ಕ್ರಮ ತೋರಿಸಲಿಕ್ಕೆ ಹಿಡಿದವು, ನಿಮ್ಮ ಜಿಲ್ಲೆಯ ಆ ವರ್ಷದ ದರ ಹಾಕಿಕೊಳ್ಳಿ.

ತೊಗರಿ 5,000 ಹೆಕ್ಟೇರ್, ಹೆಕ್ಟೇರಿಗೆ ₹45,000: ₹22.5 ಕೋಟಿ. ಹತ್ತಿ 3,000 ಹೆಕ್ಟೇರ್, ₹75,000: ₹22.5 ಕೋಟಿ. ಹೆಸರು 1,000 ಹೆಕ್ಟೇರ್, ₹35,000: ₹3.5 ಕೋಟಿ. ಭತ್ತ 1,000 ಹೆಕ್ಟೇರ್, ₹1 ಲಕ್ಷ: ₹10 ಕೋಟಿ. ಒಟ್ಟು ₹58.5 ಕೋಟಿ. ಇಷ್ಟನ್ನೇ ಗುರಿ ಎಂದು ಬರೆಯುವವರಿದ್ದಾರೆ. ಇದರಲ್ಲಿ ಪೌತಿ ಖಾತೆ (ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು) ಆಗದ, ಪಾಲು ಆಗದ ಜಮೀನು ಶೇ 15, ಸುಸ್ತಿದಾರರ ಜಮೀನು ಶೇ 20, ಸಾಲ ಬೇಡವೆನ್ನುವವರದು ಶೇ 15 ಎಂದು ಹಿಡಿದರೆ ಉಳಿಯುವುದು ಅರ್ಧ, ₹29.25 ಕೋಟಿ. ಕಿಸಾನ್ ಕ್ರೆಡಿಟ್ ಕಾರ್ಡ್ ನಿಯಮದಂತೆ ಸುಗ್ಗಿಯ ನಂತರದ ಖರ್ಚು ಮತ್ತು ಮನೆ ಖರ್ಚಿಗೆ ಶೇ 10, ಕೃಷಿ ಆಸ್ತಿಯ ನಿರ್ವಹಣೆಗೆ ಶೇ 20 ಸೇರಿಸಿದರೆ ಸುಮಾರು ₹38 ಕೋಟಿ. ಇದು ಆ ಹೋಬಳಿಯ ನಿಜವಾದ ಬೆಳೆ ಸಾಲದ ಅಂಕಿ, ವಿಮೆಯ ಕಂತು ಬಿಟ್ಟು.

ಈ ಲೆಕ್ಕದಲ್ಲಿ ಮೂರು ಕಡೆ ಎಡವುತ್ತಾರೆ. ವಿಸ್ತೀರ್ಣ ಹೆಕ್ಟೇರಿನಲ್ಲಿ, ದರ ಎಕರೆಯಲ್ಲಿ ಇದ್ದರೆ ಅಂಕಿ ಎರಡೂವರೆ ಪಟ್ಟು ತಗ್ಗುತ್ತದೆ. ತೊಗರಿಯ ಸಾಲುಗಳ ನಡುವೆ ಹೆಸರು ಹಾಕಿದ ಹೊಲ ಎರಡು ಬೆಳೆಯಲ್ಲೂ ಪೂರ್ತಿಯಾಗಿ ಎಣಿಕೆಯಾಗುತ್ತದೆ. ಒಂದೇ ಸರ್ವೆ ನಂಬರಿಗೆ ಸೊಸೈಟಿಯೂ ಬ್ಯಾಂಕೂ ಸಾಲ ಕೊಟ್ಟಿರುತ್ತವೆ. ಮೂರನೆಯದಕ್ಕೆ ಪಹಣಿಯ 11ನೇ ಕಾಲಂ ನೋಡಿದರೆ ಸಾಲದು. ಭೋಜ, ಅಂದರೆ ಜಮೀನಿನ ಮೇಲಿನ ಸಾಲದ ಹೊರೆ, ದಾಖಲಿಸುವುದನ್ನು ಬಿಟ್ಟಿದ್ದರೆ ಅಲ್ಲಿ ಏನೂ ಕಾಣುವುದಿಲ್ಲ. ರೈತರ ಫ್ರೂಟ್ಸ್ ಐಡಿ (ರಾಜ್ಯ ಸರ್ಕಾರದ ರೈತ ನೋಂದಣಿ ಸಂಖ್ಯೆ) ಹಿಡಿದು ಶಾಖೆಯ ಪಟ್ಟಿಯನ್ನೂ ಸೊಸೈಟಿಯ ಪಟ್ಟಿಯನ್ನೂ ಹೋಲಿಸಿ ನೋಡಬೇಕು.

ಪೌತಿ ಖಾತೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ದೂರದ ಜಿಲ್ಲೆಗಳಲ್ಲಿ ಸಾಲ ತಲುಪದಿರಲು ಇದಕ್ಕಿಂತ ದೊಡ್ಡ ಕಾರಣ ನಾನು ಕಂಡಿಲ್ಲ. ಅಜ್ಜನ ಹೆಸರಿನಲ್ಲೇ ಪಹಣಿ ಇರುತ್ತದೆ, ಉಳುವವರು ಮೂವರು ಮೊಮ್ಮಕ್ಕಳು. ಬ್ಯಾಂಕಿನ ಮುಂದೆ ಅವರು ಯಾರೂ ಅಲ್ಲ. ಇದು ಸಾಲದ ಸಮಸ್ಯೆ ಅಲ್ಲ ಎಂದು ಬ್ಯಾಂಕಿನವರು ಕೈಬಿಟ್ಟರೆ ಆ ಶೇ 15 ಎಂದೂ ಕರಗುವುದಿಲ್ಲ. ಊರುವಾರು ಪಟ್ಟಿ ಮಾಡಿ, ತಾಲ್ಲೂಕು ಸಮಿತಿಯ ನಡಾವಳಿಯಲ್ಲಿ ತಹಶೀಲ್ದಾರರ ಹೆಸರಿಗೆ ಕೆಲಸವಾಗಿ ಬರೆಸಿ, ಪ್ರತಿ ಸಭೆಯಲ್ಲೂ ಎಷ್ಟು ಮುಗಿಯಿತು ಎಂದು ಕೇಳುವುದು ನನ್ನ ಕ್ರಮ. ಬೇರೆಯವರ ಹೊಲವನ್ನು ಕೋರಿಗೆ (ಬೆಳೆಯ ಪಾಲಿಗೆ), ಲಾವಣಿಗೆ (ಗೇಣಿಗೆ) ಮಾಡುವವರದು ಬೇರೆ ದಾರಿ. ಕರ್ನಾಟಕದಲ್ಲಿ ಗೇಣಿಗೆ ಕಾನೂನಿನ ಮಾನ್ಯತೆ ಇಲ್ಲದ್ದರಿಂದ ಬರಹದ ಕರಾರು ಸಿಗುವುದಿಲ್ಲ. 4ರಿಂದ 10 ಜನರ ಜಂಟಿ ಬಾಧ್ಯತಾ ಗುಂಪು ಮಾಡಿಸುವುದೊಂದೇ ಕೆಲಸಕ್ಕೆ ಬರುತ್ತದೆ. ಗುಂಪಿನಲ್ಲಿ ಒಂದೇ ಮನೆಯವರು ತುಂಬಿಕೊಳ್ಳದಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಒಬ್ಬರಿಗೊಬ್ಬರು ಹೊಣೆ ಎಂಬುದು ಬರೀ ಸಹಿಯಾಗುತ್ತದೆ.

ಬೆಳೆ ವಿಮೆಯನ್ನೂ ಯೋಜನೆಯ ಒಳಗೇ ತರುತ್ತೇನೆ. ಫಸಲ್ ಬಿಮಾದಲ್ಲಿ ರೈತರ ಕಂತು ಮುಂಗಾರಿಗೆ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5ರವರೆಗೆ. 2020ರ ಮುಂಗಾರಿನಿಂದ ಸಾಲಗಾರರಿಗೂ ಇದು ಐಚ್ಛಿಕ. ಸಾಲದ ಅರ್ಜಿಯಲ್ಲಿ ಹತ್ತಿ ಎಂದು ಬರೆದು ಹೊಲದಲ್ಲಿ ತೊಗರಿ ಇದ್ದರೆ ಬೆಳೆ ಸಮೀಕ್ಷೆಯೊಂದಿಗೆ ತಾಳೆಯಾಗದೆ ಪರಿಹಾರ ನಿಲ್ಲುತ್ತದೆ. ಹೆಚ್ಚಿನ ಸ್ಕೇಲ್ ಇರುವ ಬೆಳೆ ಬರೆಸಿ ಜಾಸ್ತಿ ಸಾಲ ಪಡೆಯುವ ರೂಢಿ ರೈತನಿಗೇ ತಿರುಗುಬಾಣ. ಇದನ್ನು ಶಾಖೆಯವರು ಅರ್ಜಿಯ ಸಮಯದಲ್ಲೇ ಬಾಯಿಬಿಟ್ಟು ಹೇಳಬೇಕು.

ಇನ್ನು ಅವಧಿ ಸಾಲ, ಅಂದರೆ ಕೆಲವು ವರ್ಷ ಕಂತಿನಲ್ಲಿ ತೀರಿಸುವ ಸಾಲ. ಜಿಲ್ಲೆಯ ಕೃಷಿ ಬದಲಾಗುವುದು ಇದರಿಂದ, ಯೋಜನೆಗಳಲ್ಲಿ ಅತಿ ತೆಳುವಾಗಿರುವುದೂ ಇದೇ. ಪ್ರತಿ ಚಟುವಟಿಕೆಗೂ ಸಾಲಕ್ಕೆ ಮೊದಲು ಇರಬೇಕಾದದ್ದನ್ನು ಬರೆಯುತ್ತೇನೆ. ಕೊಳವೆಬಾವಿಗೆ: ಅಂತರ್ಜಲ ನಿರ್ದೇಶನಾಲಯದ ವರ್ಗೀಕರಣದಲ್ಲಿ ಆ ತಾಲ್ಲೂಕು ಯಾವ ಮಟ್ಟದಲ್ಲಿದೆ, ಹತ್ತಿರದ ಟಿ.ಸಿ.ಯಲ್ಲಿ (ವಿದ್ಯುತ್ ಪರಿವರ್ತಕ) ಎಷ್ಟು ಹೊರೆ ಖಾಲಿ ಇದೆ, ಕಂಬದಿಂದ ಹೊಲಕ್ಕೆ ಎಷ್ಟು ಮೀಟರ್. ಕೊರೆಯುವ ಖರ್ಚು, ಪಂಪು, ವಿದ್ಯುತ್ ಸಂಪರ್ಕ, ಹನಿ ನೀರಾವರಿ ಇಷ್ಟೂ ಒಂದೇ ಸಾಲದಲ್ಲಿ ಸೇರಬೇಕು. ಕೊರೆಯಲು ಮಾತ್ರ ಹಣ ಕೊಟ್ಟರೆ ಬಾವಿ ಇರುತ್ತದೆ, ಬೆಳೆ ಇರುವುದಿಲ್ಲ, ಕಂತು ಮಾತ್ರ ಶುರುವಾಗಿರುತ್ತದೆ. ಟ್ರ್ಯಾಕ್ಟರಿಗೆ: ಸ್ವಂತ ಹೊಲ ಮತ್ತು ಬಾಡಿಗೆ ಸೇರಿ ವರ್ಷಕ್ಕೆ 1,000 ಗಂಟೆ ಕೆಲಸ ಸಿಗುತ್ತದೆಯೇ ಎಂದು ನೋಡುತ್ತೇನೆ. ಒಣಭೂಮಿಯ ಊರಿನಲ್ಲಿ ಹಿಂದೆಯೇ ಸಾಕಷ್ಟು ಟ್ರ್ಯಾಕ್ಟರುಗಳಿದ್ದರೆ ಹೊಸದು ಬಂದಷ್ಟೂ ಹಳೆಯವರ ಬಾಡಿಗೆ ಕುಸಿದು ಎಲ್ಲರ ಕಂತೂ ತಪ್ಪುತ್ತದೆ.

ಕುರಿ ಸಾಕಣೆ ಈ ಭಾಗದ ಗಟ್ಟಿ ಕಸುಬು. 20 ಕುರಿ, 1 ಟಗರಿನ ಘಟಕವನ್ನೇ ನೋಡಿ. ಶೇ 80 ಈದರೆ 16 ಮರಿ, ಎರಡು ಸತ್ತರೆ 14, ಹಿಂಡಿನ ಬದಲಿಗೆ ನಾಲ್ಕು ಉಳಿಸಿಕೊಂಡರೆ ಮಾರಲು 10. ಈ 10 ಮರಿಯಿಂದ ಖರ್ಚು ಕಳೆದು ಉಳಿಯುವುದು ಕಂತಿನ ಒಂದೂವರೆ ಪಟ್ಟು ಇರಬೇಕು. ಇಲ್ಲದಿದ್ದರೆ ಅವಧಿ ಹೆಚ್ಚಿಸಬೇಕು, ಇಲ್ಲವೇ ಸಾಲ ಇಳಿಸಬೇಕು. ಗರ್ಭಾವಧಿ ಐದು ತಿಂಗಳು, ಮರಿ ಮಾರಾಟಕ್ಕೆ ಬರಲು ಮತ್ತೆ ಕೆಲವು ತಿಂಗಳು. ಹಾಗಾಗಿ ಮೊದಲ ಒಂದು ವರ್ಷ ಕಂತು ಕೇಳಬಾರದು. ತಿಂಗಳ ಕಂತಂತೂ ಬೇಡವೇ ಬೇಡ, ಬೇಸಿಗೆಯಲ್ಲಿ ಹಿಂಡು ಊರಿನಲ್ಲೇ ಇರುವುದಿಲ್ಲ. ಪಿಪಿಆರ್, ಕರಳುಬೇನೆ, ನೀಲಿ ನಾಲಿಗೆ ರೋಗದ ಲಸಿಕೆ ಹಾಕಿಸಲು ಆ ವ್ಯಾಪ್ತಿಯ ಪಶು ಆಸ್ಪತ್ರೆಯಲ್ಲಿ ಸಿಬ್ಬಂದಿ ಇದ್ದಾರೆಯೇ ಎಂಬುದನ್ನು ನೋಡಿ ಘಟಕಗಳ ಸಂಖ್ಯೆ ನಿರ್ಧರಿಸುತ್ತೇನೆ. ಹೈನುಗಾರಿಕೆಗೆ ಎರಡು ಪಶುಗಳ ಸಾಲವಿದ್ದರೆ ಎರಡನೆಯದನ್ನು ಐದಾರು ತಿಂಗಳ ನಂತರ ಕೊಡಿಸಬೇಕು. ಎರಡೂ ಒಟ್ಟಿಗೆ ಬತ್ತಿದರೆ ಮನೆಗೆ ಆದಾಯವೇ ಇಲ್ಲ. ಹಾಲಿನ ಸಂಘದ ವಾಹನ ಬಾರದ ಊರಿಗೆ ಹೈನು ಸಾಲದ ಗುರಿ ಹಾಕುವುದೇ ತಪ್ಪು.

ಮರುಪಾವತಿ ದಿನಾಂಕದ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ತೊಗರಿ ರಾಶಿ ಡಿಸೆಂಬರ್, ಜನವರಿಯಲ್ಲಿ ಆಗುತ್ತದೆ. ಜನವರಿ ಕೊನೆಗೇ ಕಂತು ಇಟ್ಟರೆ ಮಾರುಕಟ್ಟೆಗೆ ಮಾಲು ಮುಗಿಬಿದ್ದು ದರ ಇಳಿದಾಗಲೇ ರೈತ ಮಾರಬೇಕಾಗುತ್ತದೆ. ಏಪ್ರಿಲ್ ಕೊನೆಯ ದಿನಾಂಕ ಇದ್ದರೆ ಖರೀದಿ ಕೇಂದ್ರದ ಹಣ ಖಾತೆಗೆ ಬರುವವರೆಗೂ ಆತನಿಗೆ ಉಸಿರಾಡಲು ಅವಕಾಶ. ಸಕಾಲಕ್ಕೆ ಕಟ್ಟಿದವರಿಗೆ ಶೇ 7ರ ಬಡ್ಡಿಯಲ್ಲಿ ಶೇ 3 ಪ್ರೋತ್ಸಾಹ ಕಳೆದು ಶೇ 4 ಮಾತ್ರ ಬೀಳುವುದರಿಂದ ದಿನಾಂಕ ತಪ್ಪಿದರೆ ನಷ್ಟ ದೊಡ್ಡದು. ಅದಕ್ಕೇ ದಿನಾಂಕವನ್ನು ಬೆಳೆಗೆ ತಕ್ಕಂತೆ ಇಡಬೇಕು, ಶಾಖೆಯ ಮಾರ್ಚ್ ಲೆಕ್ಕಕ್ಕೆ ಅಲ್ಲ.

ಇಷ್ಟೆಲ್ಲ ಆದ ಮೇಲೆ ಶಾಖೆಯ ಕೈಯಲ್ಲಿ ಆಗುತ್ತದೆಯೇ ಎಂದು ನೋಡಬೇಕು. ಸ್ಥಳ ಪರಿಶೀಲನೆ, ಕಾಗದಪತ್ರ, ಮಂಜೂರಾತಿ, ಬಿಡುಗಡೆ ಸೇರಿ ಒಂದು ಹೊಸ ಅವಧಿ ಸಾಲಕ್ಕೆ ಕೃಷಿ ಅಧಿಕಾರಿಯ ಎರಡು ಪೂರ್ಣ ದಿನ ಬೇಕೆಂದು ನಾನು ಹಿಡಿಯುತ್ತೇನೆ. ವಸೂಲಿ, ನವೀಕರಣ ಕಳೆದರೆ ಒಬ್ಬ ಅಧಿಕಾರಿಯಿಂದ ತಿಂಗಳಿಗೆ ಆರರಿಂದ ಎಂಟು ಸಾಲ. ಆ ಹುದ್ದೆಯೇ ಖಾಲಿ ಇರುವ ಶಾಖೆಗೆ 100 ಅವಧಿ ಸಾಲದ ಗುರಿ ಬರೆದರೆ ಅದು ನಡೆಯುವುದಿಲ್ಲ. ಅಂಥ ಕಡೆ ಎರಡು, ಮೂರು ಶಾಖೆಗೆ ಸೇರಿಸಿ ಒಬ್ಬ ಅಧಿಕಾರಿಯನ್ನು ಕೊಡುವಂತೆ ಬ್ಯಾಂಕಿನ ನಿಯಂತ್ರಣ ಕಚೇರಿಯಿಂದ ಬರವಣಿಗೆಯಲ್ಲಿ ಪಡೆದ ಮೇಲೆಯೇ ಗುರಿ ಒಪ್ಪುತ್ತೇನೆ. ಕೇಳುವಾಗ ಒಂದು ಮಾತು ನೆರವಿಗೆ ಬರುತ್ತದೆ: ತಲಾ ಆದ್ಯತಾ ವಲಯದ (ಕೃಷಿ, ಸಣ್ಣ ಉದ್ಯಮದಂಥವು) ಸಾಲ ₹9,000ಕ್ಕಿಂತ ಕಡಿಮೆ ಇರುವ ಜಿಲ್ಲೆಗಳಲ್ಲಿ ಹೆಚ್ಚುವರಿಯಾಗಿ ಕೊಟ್ಟ ಆದ್ಯತಾ ಸಾಲಕ್ಕೆ 2024-25ರಿಂದ ರಿಸರ್ವ್ ಬ್ಯಾಂಕ್ ಶೇ 125ರ ತೂಕ ಕೊಡುತ್ತದೆ, ಅಂದರೆ ಬ್ಯಾಂಕಿನ ಗುರಿಯ ಲೆಕ್ಕದಲ್ಲಿ ₹100 ಸಾಲ ₹125 ಎಂದು ಎಣಿಕೆಯಾಗುತ್ತದೆ. ನಿಮ್ಮ ಜಿಲ್ಲೆ ಆ ಪಟ್ಟಿಯಲ್ಲಿದ್ದರೆ ಮೊದಲು ಅದನ್ನೇ ಮೇಜಿನ ಮೇಲಿಡಿ.

ಸಹಾಯಧನದ ಯೋಜನೆಗಳ ಫಲಾನುಭವಿ ಪಟ್ಟಿ ಫೆಬ್ರುವರಿ, ಮಾರ್ಚ್‌ನಲ್ಲಿ ಒಟ್ಟಿಗೆ ಬಂದು ಬೀಳುವುದು ಹಳೆಯ ರೋಗ. ಇಲಾಖೆವಾರು ತಿಂಗಳ ಪಾಲು ಹಾಕಿಸಿ, ಡಿಸೆಂಬರ್ ನಂತರ ಬಂದ ಅರ್ಜಿ ಮುಂದಿನ ವರ್ಷಕ್ಕೆ ಎಂದು ಜಿಲ್ಲಾ ಸಮಿತಿಯಲ್ಲೇ ನಿರ್ಣಯ ಮಾಡಿಸಿದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ತ್ರೈಮಾಸಿಕ ಸಭೆಗೆ ಶಾಖೆಯಿಂದ ನಾಲ್ಕೇ ಅಂಕಿ ಕೇಳುತ್ತೇನೆ: ಹೊಸ ಸಾಲಗಾರರ ಸಂಖ್ಯೆ, ಚಿನ್ನದ ಸಾಲ ಬಿಟ್ಟು ಕೃಷಿ ಅವಧಿ ಸಾಲದ ಬಿಡುಗಡೆ, ಕಾರಣ ಸಹಿತ ವಾಪಸಾದ ಅರ್ಜಿಗಳು, ಬರಬೇಕಾದ ಕಂತಿಗೆ ಎದುರು ಬಂದ ವಸೂಲಿ. ಮಂಜೂರಾದ ಮೊತ್ತ ಬರೆದು ಬಿಡುಗಡೆ ಎಂದು ತೋರಿಸುವುದು ಇಲ್ಲಿ ಸಿಕ್ಕಿಬೀಳುತ್ತದೆ. ಜಿಲ್ಲೆಯ ಸಾಲ-ಠೇವಣಿ ಅನುಪಾತ ಶೇ 40ಕ್ಕಿಂತ ಕೆಳಗಿದ್ದರೆ ವಿಶೇಷ ಉಪಸಮಿತಿ ರಚನೆಯಾಗಬೇಕು, ಅದರ ಮುಂದೆಯೂ ಇದೇ ನಾಲ್ಕು ಅಂಕಿ ಇಟ್ಟರೆ ಸಾಕು.

ಅಕ್ಟೋಬರ್‌ನಲ್ಲಿ ಯೋಜನೆಯನ್ನು ಮತ್ತೆ ತೆರೆಯಲೇಬೇಕು. ಮಳೆ ಕೈಕೊಟ್ಟು ಬೆಳೆ ನಷ್ಟ ಶೇ 33 ಅಥವಾ ಅದಕ್ಕಿಂತ ಹೆಚ್ಚಾಗಿ ಸರ್ಕಾರ ಘೋಷಣೆ ಮಾಡಿದ ತಾಲ್ಲೂಕುಗಳಲ್ಲಿ ಬೆಳೆ ಸಾಲವನ್ನು ಅವಧಿ ಸಾಲವಾಗಿ ಪರಿವರ್ತಿಸಿ ಹೊಸ ಬೆಳೆ ಸಾಲ ಕೊಡಬಹುದು. ಪರಿವರ್ತನೆ ತಡವಾದರೆ, ಅಲ್ಪಾವಧಿ ಬೆಳೆಯ ಸಾಲ ಗಡುವು ಮೀರಿ ಎರಡು ಹಂಗಾಮು ಕಳೆದಾಗ ಖಾತೆ ಅನುತ್ಪಾದಕ ಆಗಿ ರೈತ ಮುಂದಿನ ಬಿತ್ತನೆಗೆ ಲೇವಾದೇವಿಯವರ ಬಳಿ ಹೋಗುತ್ತಾನೆ. ಆದ್ದರಿಂದ ಪರಿವರ್ತನೆಯ ಮೊತ್ತ, ಹೊಸ ಸಾಲದ ಮೊತ್ತ ಎರಡನ್ನೂ ಹೋಬಳಿವಾರು ಬೇರೆ ಹಾಳೆಯಲ್ಲಿ ಬರೆದು, ಅರ್ಜಿಗಳು ಶಾಖೆಗೆ ಬರುವ ಮೊದಲೇ ತಾಲ್ಲೂಕು ಸಮಿತಿಯಲ್ಲಿ ಒಪ್ಪಿಗೆ ಪಡೆದಿಟ್ಟುಕೊಳ್ಳುತ್ತೇನೆ.