ಗೋಡೆಗೇರಿಸುವ ಮುಂಚೆ ಆರು ವಾರ ಮಲಗಿಸಿ

ಹುಬ್ಬಳ್ಳಿಯ ನಮ್ಮ ಓಣಿಯಲ್ಲೇ ಮೂರು ಮನೆಗಳಲ್ಲಿ ನೋಡಿದೆ. ಭಾನುವಾರ ಬೆಳಗ್ಗೆ ಮರದ ಪೆಟ್ಟಿಗೆಯಲ್ಲಿ ಸಕ್ಯುಲೆಂಟ್ (ದಪ್ಪ ಎಲೆಯಲ್ಲಿ ನೀರು ಕೂಡಿಡುವ ಗಿಡ) ನೆಟ್ಟರು, ಸಂಜೆ ಅದನ್ನು ಗೋಡೆಗೆ ತೂಗುಹಾಕಿ ಫೋಟೊ ತೆಗೆದರು. ಬುಧವಾರ ಮಣ್ಣೆಲ್ಲ ಸೋಫಾ ಮೇಲೆ!

ಪೆಟ್ಟಿಗೆ ಸುಲಭ. ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಮೂರಿಂಚು ಆಳದ್ದನ್ನು ಬಡಿಗೇರರ ಹತ್ತಿರ ಮಾಡಿಸಿ. ಹಿಂದೆ ಪ್ಲೈವುಡ್, ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ, ಮುಂದೆ ಒಂದಿಂಚು ಚೌಕದ ತಂತಿ ಜಾಳಿಗೆ. ಕೆಳಪಟ್ಟಿಗೆ ಮೂರು ತೂತು.

ಮಣ್ಣಿಗೆ ಎರಡು ಪಾಲು ದಪ್ಪ ಉಸುಕು, ಒಂದು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ಕಡಲೆಕಾಳಿನಷ್ಟು ಸಣ್ಣ ಇಟ್ಟಂಗಿ ಚೂರು. ಜಾಳಿಗೆ ಮೇಲೇ ಸುರಿದು ಅಂಗೈಯಿಂದ ಉಜ್ಜಿ, ತಾನೇ ಒಳಗಿಳಿಯುತ್ತದೆ. ಹೊಲದ ಎರಿ (ಕಪ್ಪು) ಮಣ್ಣು ಮಾತ್ರ ಬೇಡವೇ ಬೇಡ. ಅದು ನೀರು ಹಿಡಿದುಕೊಂಡು ಕೂತರೆ ಬೇರು ಕೊಳೆಯುತ್ತದೆ.

ಗಿಡ ಯಾವುದು? ಎಲ್ಲರಿಗೂ ಗುಲಾಬಿಯಂಥ ಎಚೆವೇರಿಯಾನೇ ಬೇಕು. ಮನೆಯೊಳಗೆ ಬಿಸಿಲು ಸಾಲದೆ ಅದು ಕತ್ತು ಚಾಚಿ ಬಡಕಲಾಗುತ್ತದೆ. ಹವಾರ್ಥಿಯಾ, ಗ್ಯಾಸ್ಟೀರಿಯಾ ತಗೊಳ್ಳಿ. ಬೆಳಕಿದ್ದರೆ ಸಾಕು, ನೇರ ಬಿಸಿಲು ಕೇಳುವುದಿಲ್ಲ. ನೀಲಿ, ಗುಲಾಬಿ ಬಣ್ಣ ಬಳಿದು ಮಾರುತ್ತಾರಲ್ವಾ, ಅವನ್ನು ಸುಮ್ನೆ ಕೊಟ್ಟರೂ ತರಬೇಡಿ. ಬಣ್ಣದಡಿ ಎಲೆಗೆ ಬೆಳಕೇ ತಾಗುವುದಿಲ್ಲ.

ಈಗ ಎಲ್ಲರೂ ಎಡವುವ ಜಾಗ. ತಾಯಿಗಿಡದಿಂದ ಬಿಡಿಸಿದ ಮರಿಗಳನ್ನು ಕೂಡಲೇ ನೆಡಬೇಡಿ. ಕಾಗದದ ಮೇಲೆ ಹರಡಿ, ನೆರಳಲ್ಲಿ ಮೂರ್ನಾಲ್ಕು ದಿನ ಬಿಡಿ. ಗಾಯದ ಜಾಗ ಒಣಗಿ, ಮುಟ್ಟಿದರೆ ಹಳೇ ಚರ್ಮದಂತೆ ಗಟ್ಟಿಯಾಗಿರಬೇಕು. ಜುಲೈನ ಜಿಟಿಜಿಟಿ ಮಳೆಯಲ್ಲಿ ಒಂದು ವಾರವೂ ಬೇಕಾದೀತು. ಹಸಿ ಗಾಯ ಮಣ್ಣು ಮುಟ್ಟಿದರೆ ಬುಡ ಬೆಲ್ಲದ ಪಾಕದ ಹಾಗೆ ಕರಗಿಹೋಗುತ್ತದೆ.

ಒಣಗಿದ ಮೇಲೆ ಪೆನ್ಸಿಲ್‌ನಿಂದ ತೂತು ಮಾಡಿ, ಮೂರಿಂಚಿಗೊಂದರಂತೆ ಊರಿ. ಇಪ್ಪತ್ತು–ಇಪ್ಪತ್ನಾಲ್ಕು ಹಿಡಿಯುತ್ತವೆ. ಪೆಟ್ಟಿಗೆ ಮಲಗಿಸಿಯೇ ಕಿಡಕಿ ಹತ್ತಿರ ಇಡಿ. ಮೊದಲ ವಾರ ಹನಿ ನೀರೂ ಬೇಡ. ಆಮೇಲೆ ಹತ್ತು ದಿನಕ್ಕೊಮ್ಮೆ ಸ್ವಲ್ಪ. ಆರು ವಾರ ಕಳೆದ ಮೇಲೆ ನಡುವಿನದೊಂದನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಕೈಗೆ ಬಂದರೆ ಇನ್ನೆರಡು ವಾರ. ಬಿಗಿಯಾಗಿದ್ದರೆ ಪೆಟ್ಟಿಗೆಯನ್ನು ಗೋಡೆಗೆ ಓರೆಯಾಗಿ ಒರಗಿಸಿ ಒಂದು ರಾತ್ರಿ ನೋಡಿ. ಮಣ್ಣು ಉದುರದಿದ್ದರೆ ಮಾತ್ರ ಮುಂದಿನ ಮಾತು. ಫೆವಿಕಾಲ್ ಹಚ್ಚಿ ಕೂರಿಸುವ ಜಾಣರೂ ಇದ್ದಾರೆ. ಅಂಟಿದೆ ಅಂದ ಮಾತ್ರಕ್ಕೆ ಬೇರು ಬಿಟ್ಟೀತೇ?

ತೂಗುಹಾಕಲು ಮೊಳೆ ಸಾಲದು. ಒದ್ದೆ ಪೆಟ್ಟಿಗೆ ಹತ್ತು ಕಿಲೋ ದಾಟುತ್ತದೆ. ಡ್ರಿಲ್ ಮಾಡಿಸಿ ಎರಡು ದಪ್ಪ ಸ್ಕ್ರೂ ಹಾಕಿಸಿ. ಪೂರ್ವದ ಕಿಡಕಿಯ ಪಕ್ಕದ ಗೋಡೆ ನನ್ನ ಆಯ್ಕೆ.

ನೀರು ಹಾಕುವಾಗ ಕೆಳಗಿಳಿಸಿ ಮಲಗಿಸಿ, ಹಾಕಿ, ಪೂರ್ತಿ ಬಸಿದ ಮೇಲೆ ಏರಿಸಿ. ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ. ಗೋಡೆ ಮೇಲಿದ್ದಾಗಲೇ ಸ್ಪ್ರೇ ಹೊಡೆದರೆ ಎಲೆ ಒದ್ದೆಯಾಗುತ್ತದೆ, ಬೇರು ಒಣಗಿಯೇ ಇರುತ್ತದೆ, ಗೋಡೆಯ ಸುಣ್ಣ ಏಳುತ್ತದೆ.