ನಾಲ್ಕನೇ ದಿನ ತೆಗೆದ ರಕ್ತ: ಮಕ್ಕಳ ಲೈಮ್ ಪರೀಕ್ಷೆ, ನನ್ನ ಅನುಭವ

ಮಗಳ ಮಂಡಿಯ ಹಿಂದೆ ಕೆಂಪು ಕಲೆ ಕಂಡಿದ್ದು ಜೂನ್ ತಿಂಗಳ ಒಂದು ಬುಧವಾರ, ಸ್ನಾನ ಮಾಡಿಸುವಾಗ. ಅವಳಿಗೆ ಆಗ ಏಳು ವರ್ಷ. ಮೊದಲ ದಿನ ನಾಣ್ಯದಷ್ಟಿತ್ತು. ಶನಿವಾರದ ಹೊತ್ತಿಗೆ ಅಂಗೈಯಷ್ಟು ಅಗಲವಾಗಿತ್ತು. ನೋವಿಲ್ಲ, ತುರಿಕೆಯಿಲ್ಲ. ನಾವಿರುವುದು ಅಮೆರಿಕದ ಕನೆಕ್ಟಿಕಟ್‌ನಲ್ಲಿ. ಮನೆಯ ಹಿಂದೆ ಕಾಡು, ಜಿಂಕೆಗಳು ಅಂಗಳಕ್ಕೇ ಬರುತ್ತವೆ. ಉಣ್ಣಿ ಕಚ್ಚಿರಬಹುದಾ ಅನ್ನುವ ಅನುಮಾನ ನನಗೆ ಆಗಲೇ ಬಂದಿತ್ತು. ಲೈಮ್ ಅನ್ನುವ ರೋಗ ಹರಡುವುದು ಉಣ್ಣಿ ಕಚ್ಚುವುದರಿಂದಲೇ.

ವಾರದ ಕೊನೆ, ನಮ್ಮ ಮಕ್ಕಳ ಡಾಕ್ಟರ್ ಸಿಗಲಿಲ್ಲ. ಒಂದು ಅರ್ಜೆಂಟ್ ಕೇರ್ ಕ್ಲಿನಿಕ್‌ಗೆ ಹೋದೆವು. ಅಲ್ಲಿದ್ದವರು ಕಲೆ ನೋಡಿ, "ಜೇಡ ಕಚ್ಚಿರಬಹುದು. ಯಾವುದಕ್ಕೂ ಲೈಮ್‌ಗೆ ರಕ್ತ ಕಳಿಸೋಣ" ಅಂದರು. ರಿಪೋರ್ಟ್ ನೆಗೆಟಿವ್ ಬಂತು. ನನಗೆ ಜೀವ ಬಂದಂತಾಯಿತು. ಕಾಗದವನ್ನು ಫೈಲಿಗೆ ಸೇರಿಸಿದೆ. ಎರಡು ಮೂರು ವಾರದಲ್ಲಿ ಕಲೆ ತಾನಾಗಿಯೇ ಮಾಸಿತು. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಅಕ್ಟೋಬರ್‌ನಲ್ಲಿ ಅವಳ ಅದೇ ಕಾಲಿನ ಮಂಡಿ ಊದಿಕೊಂಡಿತು. ಸಣ್ಣ ಊತವಲ್ಲ, ಪ್ಯಾಂಟ್ ಹಾಕಲು ಕಷ್ಟವಾಗುವಷ್ಟು. ಆಶ್ಚರ್ಯ ಏನೆಂದರೆ ಅವಳು ನಡೆದಾಡುತ್ತಿದ್ದಳು, ಜ್ವರವೂ ಇರಲಿಲ್ಲ. "ಅಮ್ಮ, ನೋವು ಜಾಸ್ತಿ ಇಲ್ಲ, ಮಡಚೋಕೆ ಆಗಲ್ಲ ಅಷ್ಟೇ" ಅನ್ನುತ್ತಿದ್ದಳು. ನಮ್ಮ ಡಾಕ್ಟರ್ ಮಂಡಿ ನೋಡಿದ ಕೂಡಲೇ ಬೇಸಿಗೆಯಲ್ಲಿ ಏನಾದರೂ ಕಲೆ ಎದ್ದಿತ್ತಾ ಅಂತ ಕೇಳಿದರು. ನಾನು ಧೈರ್ಯದಿಂದಲೇ ಹೇಳಿದೆ, "ಎದ್ದಿತ್ತು, ಆದರೆ ಲೈಮ್ ನೆಗೆಟಿವ್ ಇದೆ ಡಾಕ್ಟರ್."

"ಕಲೆ ಎದ್ದ ಎಷ್ಟನೇ ದಿನಕ್ಕೆ ರಕ್ತ ತೆಗೆದರು?"

ನಾಲ್ಕನೇ ದಿನ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ, "ಆ ರಿಪೋರ್ಟನ್ನು ಲೆಕ್ಕಕ್ಕೇ ಹಿಡಿಯಬೇಡಿ" ಅಂದರು.

ಈ ಸಲದ ರಕ್ತದಲ್ಲಿ ಲೈಮ್ ಸ್ಪಷ್ಟವಾಗಿತ್ತು. ಅಮಾಕ್ಸಿಸಿಲಿನ್ ಅನ್ನುವ ಆಂಟಿಬಯಾಟಿಕ್ 28 ದಿನ ಕೊಟ್ಟೆವು. ಮಂಡಿ ಪೂರ್ತಿ ಇಳಿಯಲು ಡಿಸೆಂಬರ್ ಆಯಿತು. ಈಗ ಅವಳು ಆರಾಮಾಗಿ ಓಡುತ್ತಾಳೆ. ಆದರೆ ಜೂನ್‌ನಲ್ಲೇ ಎರಡು ವಾರದ ಔಷಧಿಯಲ್ಲಿ ಮುಗಿಯಬಹುದಾಗಿದ್ದ ಕೆಲಸ ಅದು. ಆ ಬೇಸರದಲ್ಲೇ ನಾನು ಈ ಪರೀಕ್ಷೆ ಹೇಗೆ ನಡೆಯುತ್ತದೆ ಅಂತ ಕೂತು ಕಲಿತೆ, ಡಾಕ್ಟರನ್ನು ಕೇಳಿ ಕೇಳಿ ತಿಳಿದುಕೊಂಡೆ.

ನಾನು ಮೊದಲು ತಪ್ಪು ತಿಳಿದಿದ್ದು ಏನೆಂದರೆ, ಈ ಪರೀಕ್ಷೆ ರಕ್ತದಲ್ಲಿ ರೋಗಾಣುವನ್ನು ಹುಡುಕುತ್ತದೆ ಅಂತ. ಅದು ಹುಡುಕುವುದು ರೋಗಾಣುವನ್ನಲ್ಲ. ಬೊರೇಲಿಯಾ ಅನ್ನುವ ಬ್ಯಾಕ್ಟೀರಿಯಾ ಒಳಗೆ ಬಂದಿದ್ದಕ್ಕೆ ಮೈ ತಯಾರಿಸುವ ಪ್ರತಿಕಾಯಗಳನ್ನು. ಮೈ ಅದನ್ನು ಗುರುತಿಸಿ, ಅಳತೆಗೆ ಸಿಗುವಷ್ಟು ಪ್ರತಿಕಾಯ ಮಾಡಲು ವಾರಗಳೇ ಬೇಕು. ಕಲೆ ಮಾತ್ರ ಉಣ್ಣಿ ಕಚ್ಚಿದ 3ರಿಂದ 30 ದಿನದೊಳಗೆ, ಸಾಮಾನ್ಯವಾಗಿ ಒಂದು ವಾರಕ್ಕೇ ಏಳುತ್ತದೆ. ಅಂದರೆ ಕಲೆ ಮೊದಲು, ಪ್ರತಿಕಾಯ ಆಮೇಲೆ. ಕಲೆ ಎದ್ದ ಮೊದಲ ದಿನಗಳಲ್ಲಿ ರಕ್ತ ತೆಗೆದರೆ, ನಿಜವಾಗಿ ಲೈಮ್ ಇರುವವರಲ್ಲೂ ಅರ್ಧಕ್ಕಿಂತ ಹೆಚ್ಚು ಜನರಿಗೆ ನೆಗೆಟಿವ್ ಬರುತ್ತದೆ. ಅದಕ್ಕೇ ಲೈಮ್ ಇರುವ ಪ್ರದೇಶದಲ್ಲಿ ಇಂಥ ಹರಡುವ ಕಲೆ ಕಂಡರೆ ರಕ್ತ ಪರೀಕ್ಷೆಯೇ ಬೇಡ, ಕಲೆ ನೋಡಿ ಚಿಕಿತ್ಸೆ ಶುರು ಮಾಡಿ ಅಂತ ಇಲ್ಲಿನ ವೈದ್ಯರ ಮಾರ್ಗಸೂಚಿ ಹೇಳುತ್ತದೆ. ನನ್ನ ಮಗಳ ಮಂಡಿಯ ಹಿಂದೆ ಉತ್ತರ ಕಣ್ಣಿಗೆ ಕಾಣುವಂತಿತ್ತು. ನಾವು ಅದನ್ನು ಬಿಟ್ಟು ಕಾಗದವನ್ನು ನಂಬಿದೆವು.

ಇನ್ನೊಂದು ಮಾತು. ಎಲ್ಲರೂ ಗುರಿಹಲಗೆಯ ಹಾಗೆ ಸುತ್ತು ಸುತ್ತು ಇರುವ ಕಲೆಯನ್ನೇ ಹುಡುಕುತ್ತಾರೆ. ಬಹಳ ಮಕ್ಕಳಲ್ಲಿ ಅದು ಹಾಗಿರುವುದಿಲ್ಲ. ಬರೀ ಕೆಂಪಾಗಿ, ದಿನದಿಂದ ದಿನಕ್ಕೆ ಅಗಲವಾಗುತ್ತಾ ಹೋಗುತ್ತದೆ. ಕಂದು ಬಣ್ಣದ ಚರ್ಮದಲ್ಲಿ ಕೆಂಪೂ ಅಷ್ಟು ಎದ್ದು ಕಾಣುವುದಿಲ್ಲ. ನಮ್ಮ ಮಕ್ಕಳ ಮೈಮೇಲೆ ಅದು ಮೂಗೇಟಿನ ಹಾಗೆ ಕಾಣಬಹುದು. ನಾನೀಗ ಪೆನ್ನಿನಿಂದ ಅಂಚಿನ ಸುತ್ತ ಗೆರೆ ಎಳೆದು, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ದಿನಾ ಫೋಟೋ ತೆಗೆಯುತ್ತೇನೆ. ಗೆರೆ ದಾಟಿ ಹರಡಿದರೆ ಅದೇ ಸಾಕ್ಷಿ.

ಪರೀಕ್ಷೆ ಎರಡು ಹಂತದ್ದು. ಮೊದಲು ಎಲೈಸಾ, ಅಂದರೆ ರಕ್ತದಲ್ಲಿ ಪ್ರತಿಕಾಯ ಇದೆಯಾ ಅಂತ ನೋಡುವ ಪರೀಕ್ಷೆ. ಅದು ಪಾಸಿಟಿವ್ ಅಥವಾ ಅನುಮಾನ ಅಂತ ಬಂದರೆ ಮಾತ್ರ ಎರಡನೆಯದು. ಹಳೆಯ ಕ್ರಮದಲ್ಲಿ ಎರಡನೆಯದು ವೆಸ್ಟರ್ನ್ ಬ್ಲಾಟ್. ಬ್ಯಾಕ್ಟೀರಿಯಾದ ಯಾವ ಯಾವ ಪ್ರೋಟೀನಿಗೆ ಪ್ರತಿಕಾಯ ಇದೆಯೋ ಅದಕ್ಕೊಂದು ಗೆರೆ ಅದರಲ್ಲಿ ಮೂಡುತ್ತದೆ. 1994ರಲ್ಲಿ ಮಿಶಿಗನ್‌ನ ಡಿಯರ್‌ಬಾರ್ನ್‌ನಲ್ಲಿ ನಡೆದ ಸಭೆಯಲ್ಲಿ ಅದರ ನಿಯಮ ನಿಗದಿಯಾಯಿತು. ತಡವಾಗಿ ಬರುವ ಪ್ರತಿಕಾಯವಾದ ಐಜಿಜಿಯಲ್ಲಿ 10 ಗೆರೆಗಳ ಪೈಕಿ ಕನಿಷ್ಠ 5 ಇರಬೇಕು. ಮೊದಲು ಬರುವ ಪ್ರತಿಕಾಯವಾದ ಐಜಿಎಂನಲ್ಲಿ 3ರಲ್ಲಿ 2 ಇದ್ದರೆ ಸಾಕು, ಆದರೆ ರೋಗ ಶುರುವಾದ ಮೊದಲ 30 ದಿನಕ್ಕೆ ಮಾತ್ರ ಅದು ಅನ್ವಯ. 2019ರಲ್ಲಿ ಎಫ್‌ಡಿಎ (ಔಷಧಿ, ಪರೀಕ್ಷೆಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ) ಬ್ಲಾಟ್ ಬದಲು ಇನ್ನೊಂದು ಎಲೈಸಾ ಬಳಸುವ ಕ್ರಮಕ್ಕೂ ಒಪ್ಪಿಗೆ ಕೊಟ್ಟಿತು. ಈಗ ಕೆಲವು ಲ್ಯಾಬ್‌ಗಳು ಇದನ್ನು, ಕೆಲವು ಅದನ್ನು ಮಾಡುತ್ತವೆ. ನಿಮ್ಮ ಮಗುವಿಗೆ ಯಾವುದು ಮಾಡಿದ್ದಾರೆ ಅಂತ ರಿಪೋರ್ಟ್‌ನಲ್ಲಿ ಬರೆದಿರುತ್ತದೆ, ನೋಡಿಕೊಳ್ಳಿ.

ಅಕ್ಟೋಬರ್‌ನಲ್ಲಿ ಮಗಳ ಬ್ಲಾಟ್‌ನಲ್ಲಿ ಐಜಿಜಿಯ 8 ಗೆರೆಗಳಿದ್ದವು. ಮಂಡಿ ಊದುವ ಹಂತಕ್ಕೆ ಬಂದ ಮೇಲೆ ಈ ಪರೀಕ್ಷೆ ತಪ್ಪುವುದು ತೀರಾ ಅಪರೂಪ. ಅದೇ ಪರೀಕ್ಷೆ, ಅದೇ ಮಗು. ಜೂನ್‌ನಲ್ಲಿ ಕೆಲಸಕ್ಕೆ ಬಾರದ್ದು ಅಕ್ಟೋಬರ್‌ನಲ್ಲಿ ಗಟ್ಟಿ ಉತ್ತರ ಕೊಟ್ಟಿತು. "ಲೈಮ್ ಪರೀಕ್ಷೆ ನಂಬಬಹುದಾ?" ಅಂತ ಯಾರಾದರೂ ಕೇಳಿದರೆ ನಾನೀಗ ತಿರುಗಿ ಕೇಳುವುದು ಒಂದೇ: ಯಾವ ದಿನ ತೆಗೆದ ರಕ್ತ?

ಗುಣವಾದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿ ನೋಡೋಣವಾ ಅಂತ ನಾನೇ ಕೇಳಿದ್ದೆ. ಡಾಕ್ಟರ್ ಬೇಡ ಅಂದರು. ಪ್ರತಿಕಾಯಗಳು ವರ್ಷಗಟ್ಟಲೆ ಉಳಿಯುತ್ತವೆ. ಪಾಸಿಟಿವ್ ಬಂದರೆ ರೋಗ ಇನ್ನೂ ಇದೆ ಅಂತ ಅರ್ಥವಲ್ಲ. ಗುಣವಾಗಿದೆಯಾ ಅಂತ ಹೇಳುವುದು ಮಂಡಿ, ರಕ್ತವಲ್ಲ.

ಇಷ್ಟೆಲ್ಲಾ ಕಲಿತ ಮೇಲೂ ಮಗನ ವಿಷಯದಲ್ಲಿ ನಾನು ಇನ್ನೊಂದು ಕಡೆಗೆ ಜಾರುವುದರಲ್ಲಿದ್ದೆ. ಮುಂದಿನ ಫೆಬ್ರವರಿ. ಅವನಿಗೆ ಹತ್ತು ವರ್ಷ. ಎರಡು ತಿಂಗಳಿಂದ ಸುಸ್ತು, ತಲೆನೋವು. ಶಾಲೆಯಿಂದ ಬಂದವನೇ ಮಲಗಿಬಿಡುತ್ತಿದ್ದ. ಕಲೆ ಇಲ್ಲ, ಊತ ಇಲ್ಲ, ಲೈಮ್‌ನಲ್ಲಿ ಕೆಲವೊಮ್ಮೆ ಆಗುವಂತೆ ಮುಖ ಸೊಟ್ಟಗಾಗಿಲ್ಲ. ಅಕ್ಕಪಕ್ಕದವರೆಲ್ಲ ಲೈಮ್ ಇರಬೇಕು ಅಂದರು. ನಾನು ಹಟ ಹಿಡಿದು ಪರೀಕ್ಷೆ ಮಾಡಿಸಿದೆ. ಎಲೈಸಾ ಪಾಸಿಟಿವ್. ಬ್ಲಾಟ್‌ನಲ್ಲಿ ಐಜಿಎಂ ಪಾಸಿಟಿವ್, 23 ಮತ್ತು 41ರ ಗೆರೆಗಳು (ಪ್ರೋಟೀನಿನ ತೂಕದ ಸಂಖ್ಯೆಯಿಂದಲೇ ಗೆರೆಗಳನ್ನು ಕರೆಯುತ್ತಾರೆ). ಐಜಿಜಿಯಲ್ಲಿ 41 ಒಂದೇ.

ಆ ರಾತ್ರಿ ನಮ್ಮನೆಯವರೂ ನಾನೂ ಮಲಗಲಿಲ್ಲ. ಮಗಳಿಗೆ ತಡ ಮಾಡಿದೆವು, ಇವನಿಗೂ ಹಾಗೇ ಆಗಬಾರದು ಅನ್ನುವುದೊಂದೇ ತಲೆಯಲ್ಲಿ. ಗೆಳತಿಯೊಬ್ಬಳು ಒಂದು ಖಾಸಗಿ ಲ್ಯಾಬ್ ಸೂಚಿಸಿದಳು. ಅಲ್ಲಿ ಗೆರೆ ಲೆಕ್ಕ ಹಾಕುವ ನಿಯಮ ಅವರದೇ. ಕಡಿಮೆ ಗೆರೆ ಇದ್ದರೂ ಪಾಸಿಟಿವ್ ಅನ್ನುತ್ತಾರೆ, ಜೊತೆಗೆ ಮೂತ್ರದ ಪರೀಕ್ಷೆಯೂ ಇದೆ. ಫೋನ್ ಮಾಡಿ ಕೇಳಿದೆ: ಈ ಪರೀಕ್ಷೆಗೆ ಎಫ್‌ಡಿಎ ಒಪ್ಪಿಗೆ ಇದೆಯಾ? ಆರೋಗ್ಯವಾಗಿರುವ ನೂರು ಮಕ್ಕಳಿಗೆ ಮಾಡಿದರೆ ಎಷ್ಟು ಜನರಿಗೆ ಪಾಸಿಟಿವ್ ಬರುತ್ತದೆ? ಅವರು ಎರಡಕ್ಕೂ ನೇರ ಉತ್ತರ ಕೊಡಲಿಲ್ಲ. ಸಿಎಲ್‌ಐಎ ಸರ್ಟಿಫಿಕೇಟ್ ಇದೆ ಅಂದರು. ಅದು ಲ್ಯಾಬ್ ಅನ್ನು ಅಚ್ಚುಕಟ್ಟಾಗಿ ನಡೆಸುತ್ತಿದ್ದಾರೆ ಅನ್ನುವುದಕ್ಕೆ ಸಿಗುವ ಸರ್ಟಿಫಿಕೇಟ್. ಆ ಪರೀಕ್ಷೆ ಲೈಮ್ ಅನ್ನು ಸರಿಯಾಗಿ ಹಿಡಿಯುತ್ತದೆ ಅನ್ನುವುದಕ್ಕಲ್ಲ. ಆ ಎರಡನೇ ಪ್ರಶ್ನೆಯನ್ನು ಎಲ್ಲ ತಂದೆ ತಾಯಿಯರೂ ಕೇಳಲೇಬೇಕು. ಮಗುವಿಗೆ ಇಲ್ಲದ ರೋಗಕ್ಕೆ ತಿಂಗಳುಗಟ್ಟಲೆ ಔಷಧಿ ಕೊಡುವುದೂ ಮಗುವಿಗೆ ಮಾಡುವ ಹಾನಿಯೇ ಅಲ್ವಾ?

ಮರುದಿನ ಡಾಕ್ಟರ್ ನನಗೆ ಒಂದು ಲೆಕ್ಕ ಬರೆದು ತೋರಿಸಿದರು. ಬರೀ ಸುಸ್ತು ಅಂತ ಬಂದ 1000 ಮಕ್ಕಳಿದ್ದಾರೆ ಅಂದುಕೊಳ್ಳಿ. ಅವರಲ್ಲಿ 5 ಮಕ್ಕಳಿಗೆ ನಿಜವಾಗಿ ಲೈಮ್ ಇದೆ ಅಂತಿಟ್ಟುಕೊಳ್ಳಿ. ಪರೀಕ್ಷೆ ಆ ಐದನ್ನೂ ಹಿಡಿಯಿತು. ಆದರೆ ಲೈಮ್ ಇಲ್ಲದವರಲ್ಲಿ ನೂರಕ್ಕೆ ಇಬ್ಬರಿಗೆ ತಪ್ಪಾಗಿ ಪಾಸಿಟಿವ್ ತೋರಿಸಿದರೂ, ಅದೇ ಸುಮಾರು 20 ಮಕ್ಕಳಾಯಿತು. ಒಟ್ಟು 25 ಪಾಸಿಟಿವ್, ಅದರಲ್ಲಿ ನಿಜವಾದದ್ದು 5. ಈಗ ಊದಿದ ಮಂಡಿಯ 1000 ಮಕ್ಕಳನ್ನು ಇದೇ ಕನೆಕ್ಟಿಕಟ್‌ನಲ್ಲಿ ತೆಗೆದುಕೊಳ್ಳಿ. ಅವರಲ್ಲಿ ಲೈಮ್ ಇರುವವರೇ ನೂರಾರು ಜನ ಇದ್ದರೆ, ಪಾಸಿಟಿವ್ ಬಂದವರಲ್ಲಿ ಬಹುಪಾಲು ನಿಜವೇ ಆಗಿರುತ್ತದೆ. ಪರೀಕ್ಷೆ ಬದಲಾಗಿಲ್ಲ. ಯಾರಿಗೆ ಮಾಡಿದೆವು ಅನ್ನುವುದು ಬದಲಾಯಿತು. ಆ ಚೀಟಿ ಇನ್ನೂ ನನ್ನ ಹತ್ತಿರ ಇದೆ.

ಆಮೇಲೆ ದಿನಗಳ ಲೆಕ್ಕ. ಎರಡು ತಿಂಗಳ ಕಾಯಿಲೆ ಅಂದರೆ 30 ದಿನ ಯಾವಾಗಲೋ ಕಳೆದಿದೆ. ನಿಜವಾದ ಲೈಮ್ ಆಗಿದ್ದರೆ ಇಷ್ಟರಲ್ಲಿ ಐಜಿಜಿ ಬಂದಿರಬೇಕು. ಐಜಿಎಂ ಒಂದೇ ಇದ್ದರೆ ಅದನ್ನು ನಂಬುವ ಹಾಗಿಲ್ಲ. 41ರ ಗೆರೆಯಂತೂ ಬ್ಯಾಕ್ಟೀರಿಯಾ ಈಜಲು ಬಳಸುವ ಬಾಲದಂಥ ಭಾಗದ್ದು. ಅಂಥದ್ದೇ ಬಾಲ ಬೇರೆ ಎಷ್ಟೋ ಬ್ಯಾಕ್ಟೀರಿಯಾಗಳಿಗೆ ಇರುವುದರಿಂದ ಆರೋಗ್ಯವಂತರಲ್ಲೂ ಆ ಗೆರೆ ಕಾಣುತ್ತದೆ.

ಅಷ್ಟರಲ್ಲಿ ನಾನು ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಎಲ್ಲ ಬರೆಯುವುದನ್ನು ರೂಢಿ ಮಾಡಿಕೊಂಡಿದ್ದೆ. ಹಿಂದಿನ ಹಾಳೆ ತಿರುವಿದಾಗ ಡಿಸೆಂಬರ್‌ನಲ್ಲಿ "ಗಂಟಲು ನೋವು, ಜ್ವರ, ಕತ್ತಿನಲ್ಲಿ ಗಂಟು" ಅಂತ ಸಿಕ್ಕಿತು. ನಾನೇ ಮರೆತಿದ್ದೆ. ಡಾಕ್ಟರ್ ಅದನ್ನು ಓದಿ ಮಾನೋ ಪರೀಕ್ಷೆಗೆ ಬರೆದರು. ಎಪ್‌ಸ್ಟೈನ್-ಬಾರ್ ವೈರಸ್ ತರುವ ಸೋಂಕು ಅದು. ಪಾಸಿಟಿವ್ ಬಂತು. ಈ ವೈರಸ್ ಬಂದಾಗ ಲೈಮ್ ಐಜಿಎಂ ಸುಳ್ಳೇ ಪಾಸಿಟಿವ್ ಆಗುವುದು ಗೊತ್ತಿರುವ ವಿಷಯವೇ. ನಾಲ್ಕು ವಾರ ಬಿಟ್ಟು ಲೈಮ್ ಮತ್ತೆ ನೋಡಿದಾಗಲೂ ಐಜಿಜಿ ಬರಲಿಲ್ಲ. ಯಾವ ಆಂಟಿಬಯಾಟಿಕ್ ಇಲ್ಲದೆ, ವಸಂತದ ಹೊತ್ತಿಗೆ ಹುಡುಗ ಮೊದಲಿನಂತಾದ. ಕಾಯುವ ಆ ನಾಲ್ಕು ವಾರ ನನಗೆ ಬಹಳ ಕಷ್ಟವಾಯಿತು, ನಿಜ.

ಪರೀಕ್ಷೆಯ ಬಗ್ಗೆ ಇಷ್ಟೆಲ್ಲಾ ಹೇಳುವಾಗ ನನಗೆ ನೆನಪಾಗುವುದು ಪಾಲಿ ಮರ್ರೆ. ಈ ರೋಗಕ್ಕೆ ಹೆಸರು ಬಂದಿದ್ದೇ ನಮ್ಮ ರಾಜ್ಯದ ಲೈಮ್ ಊರಿನಿಂದ. 1975ರಲ್ಲಿ ಅಲ್ಲಿನ ಮಕ್ಕಳಿಗೆ ಒಬ್ಬರಾದ ಮೇಲೆ ಒಬ್ಬರಿಗೆ ಕೀಲು ಊದುತ್ತಿದ್ದುದನ್ನು ಗಮನಿಸಿ ಆರೋಗ್ಯ ಇಲಾಖೆಯ ಗಮನಕ್ಕೆ ತಂದವರಲ್ಲಿ ಈ ತಾಯಿ ಒಬ್ಬರು. ಆಗ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ವೈದ್ಯ ಅಲನ್ ಸ್ಟಿಯರ್ ಅದನ್ನು ಅಧ್ಯಯನ ಮಾಡಿದರು. ಬ್ಯಾಕ್ಟೀರಿಯಾ ಯಾವುದು ಅಂತ ವಿಜ್ಞಾನಿ ವಿಲ್ಲಿ ಬರ್ಗ್‌ಡಾರ್ಫರ್ ಕಂಡುಹಿಡಿಯುವ ಹೊತ್ತಿಗೆ 1981 ಆಗಿತ್ತು. ಅಲ್ಲಿಯವರೆಗೆ ಯಾವ ರಕ್ತ ಪರೀಕ್ಷೆಯೂ ಇರಲಿಲ್ಲ. ಯಾರಿಗೆ, ಯಾವಾಗ, ಎಲ್ಲಿ ಅಂತ ತಾಯಂದಿರು ಬರೆದಿಟ್ಟಿದ್ದೇ ಇದ್ದದ್ದು.

ಮೊನ್ನೆ ಮೇ ತಿಂಗಳಲ್ಲಿ ಮಗನ ಕಿವಿಯ ಹಿಂದೆ ಒಂದು ಉಣ್ಣಿ ಸಿಕ್ಕಿತು. ಗಸಗಸೆ ಕಾಳಿನಷ್ಟು, ಇನ್ನೂ ಚಪ್ಪಟೆಯಾಗಿಯೇ ಇತ್ತು. ಚೂಪು ತುದಿಯ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆದು ತೆಗೆದೆ. ಹಿಂದಿನ ರಾತ್ರಿ ತಲೆ ಬಾಚುವಾಗ ಅದು ಇರಲಿಲ್ಲ ಅನ್ನುವುದು ನನಗೆ ಖಚಿತ. ಉಣ್ಣಿಯನ್ನೇ ಪರೀಕ್ಷೆಗೆ ಕಳಿಸಲಾ ಅಂತ ಡಾಕ್ಟರನ್ನು ಕೇಳಿದೆ. ಬೇಡ ಅಂದರು. ಉಣ್ಣಿಯಲ್ಲಿ ರೋಗಾಣು ಇದ್ದರೂ ಮಗುವಿಗೆ ಬಂದಿದೆ ಅಂತಲ್ಲ, ಇಲ್ಲದಿದ್ದರೂ ನಮ್ಮ ಕಣ್ಣಿಗೆ ಬೀಳದ ಇನ್ನೊಂದು ಕಚ್ಚಿರಬಹುದು. 36 ಗಂಟೆಗಿಂತ ಹೆಚ್ಚು ಹೊತ್ತು ಅಂಟಿಕೊಂಡಿದ್ದರೆ, ರೋಗ ಬರದಂತೆ ತಡೆಯಲು ತೆಗೆದ 72 ಗಂಟೆಯೊಳಗೆ ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ ಒಂದೇ ಡೋಸ್ ಕೊಡಬಹುದಿತ್ತು. ಇದು ಒಂದು ದಿನವೂ ಇರಲಿಲ್ಲವಾದ್ದರಿಂದ ಅದೂ ಬೇಡವಾಯಿತು. ರಕ್ತ ಪರೀಕ್ಷೆಯನ್ನು ಈ ಸಲ ನಾನೇ ಕೇಳಲಿಲ್ಲ.

ಕ್ಯಾಲೆಂಡರ್‌ನಲ್ಲಿ ಆ ದಿನಕ್ಕೆ ಕೆಂಪು ಸುತ್ತು ಹಾಕಿ 30 ದಿನ ಎಣಿಸಿ ಇನ್ನೊಂದು ಸುತ್ತು ಹಾಕಿದ್ದೇನೆ. ದಿನಾ ಸಂಜೆ ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ, ಮಂಡಿಯ ಹಿಂದೆ ನೋಡುತ್ತೇನೆ. ಇವತ್ತು ಹತ್ತೊಂಬತ್ತನೇ ದಿನ. ಚರ್ಮ ಚೆನ್ನಾಗಿದೆ.