ಮಗನಿಗೆ ಹಳೇ ಕಾಲದ ಕನ್ನಡದ ಹೆಸರು: ಹುಡುಕುವುದು, ಕೂಗಿ ನೋಡುವುದು, ಬರೆಸುವುದು

ಹಳೇ ಹೆಸರು ಬೇಕೆಂದು ಮೊಬೈಲ್‌ನಲ್ಲಿ ಹುಡುಕಿದರೆ ಸಿಗುವುದು ಬಹುಪಾಲು ನಿನ್ನೆ ಮೊನ್ನೆ ಹುಟ್ಟಿದ ಹೆಸರುಗಳು. ‘ರೇಯಾಂಶ್’ ಎಂದು ಬರೆದು ಪಕ್ಕದಲ್ಲಿ ‘ವಿಷ್ಣುವಿನ ಅಂಶ’ ಎಂದು ಅರ್ಥ ಕೊಟ್ಟಿರುತ್ತಾರೆ. 1894ರ ಕಿಟೆಲ್ ನಿಘಂಟಿನಲ್ಲೂ ಅದಿಲ್ಲ, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಲ್ಲೂ ಇಲ್ಲ. ಆದ್ದರಿಂದ ಹುಡುಕಾಟ ಮನೆಯಿಂದಲೇ ಶುರುವಾಗಲಿ.

ಎರಡೂ ಕಡೆಯ ಅಜ್ಜ, ಮುತ್ತಜ್ಜ, ಅವರ ಅಣ್ಣತಮ್ಮಂದಿರ ಹೆಸರು ಬರೆದುಕೊಳ್ಳಿ. ನೆನಪು ಎರಡು ತಲೆಮಾರಿಗೇ ನಿಂತುಹೋದರೆ ಕಾಗದಪತ್ರ ತೆಗೆಯಿರಿ: ಹಳೆಯ ಪಹಣಿ, ಕ್ರಯಪತ್ರ, ಲಗ್ನಪತ್ರಿಕೆ. ಕ್ರಯಪತ್ರದಲ್ಲಿ ‘ಬಿನ್’ ಎಂಬ ಪದದ ಆಚೆ ತಂದೆಯ ಹೆಸರು ಇರುತ್ತದೆ. ಹಾಗೆ ಒಂದೊಂದೇ ಪತ್ರ ಹಿಡಿದು ಮೇಲಕ್ಕೆ ಹತ್ತಬಹುದು. ಉತ್ತರ ಕರ್ನಾಟಕದ ಕಡೆಯವರಾದರೆ ಹೆಳವರು ಬಂದಾಗ ಕೇಳಿ. ಮನೆತನದ ವಂಶಾವಳಿ ಹೇಳುವುದೇ ಅವರ ಕಸುಬು. ಮನೆಯವರೇ ಮರೆತ ಹೆಸರು ಅವರ ಬಾಯಲ್ಲಿ ಇರುತ್ತದೆ.

ಆ ಪಟ್ಟಿ ನೋಡಿದರೆ ಒಂದು ವಿಷಯ ಕಾಣುತ್ತದೆ: ಹೆಚ್ಚಿನ ಹೆಸರುಗಳು ದೇವರ ಊರಿನ ವಿಳಾಸಗಳು. ಗವಿಸಿದ್ದಪ್ಪ ಎಂದರೆ ಕೊಪ್ಪಳ, ಕೊಟ್ರೇಶ ಎಂದರೆ ಕೊಟ್ಟೂರು, ಶರಣಬಸಪ್ಪ ಎಂದರೆ ಕಲಬುರಗಿ, ಪಂಪಾಪತಿ ಎಂದರೆ ಹಂಪಿ, ನಂಜುಂಡ ಎಂದರೆ ನಂಜನಗೂಡು, ಚೆಲುವರಾಯ ಎಂದರೆ ಮೇಲುಕೋಟೆ, ಮಾದೇಶ ಎಂದರೆ ಮಲೆ ಮಹದೇಶ್ವರ ಬೆಟ್ಟ. ನಿಮ್ಮ ಮನೆದೇವರು ಯಾವುದೋ ಅದರ ಸುತ್ತಲಿನ ಹೆಸರು ಆರಿಸಿದರೆ ಹಿರಿಯರು ತಕರಾರು ತೆಗೆಯುವುದು ಕಡಿಮೆ. ಅಜ್ಜನ ಹೆಸರು ಇದ್ದದ್ದು ಇದ್ದಹಾಗೇ ಬೇಡವೆನಿಸಿದರೆ ಅದೇ ದೇವರ ಇನ್ನೊಂದು ರೂಪ ಹಿಡಿಯಬಹುದು: ಈರಣ್ಣನ ಮೊಮ್ಮಗ ವೀರಭದ್ರ, ಮಾದಪ್ಪನ ಮೊಮ್ಮಗ ಮಹದೇವ.

ಕೆಲವು ಹೆಸರುಗಳ ಹಿಂದೆ ನೋವಿದೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ, ಮೃತ್ಯುವಿನ ಕಣ್ಣಿಗೆ ಬೀಳದಿರಲಿ ಎಂದು ಬೇಕೆಂದೇ ಕೀಳು ಹೆಸರಿಡುತ್ತಿದ್ದರು: ತಿಪ್ಪ, ತಿರುಕ, ಹುಚ್ಚಪ್ಪ, ಕಲ್ಲ. ಹಾಗೆಂದು ತಿಪ್ಪೇಸ್ವಾಮಿ ಎಂಬ ಹೆಸರು ಕಂಡೊಡನೆ ತಿಪ್ಪೆಗೆ ಗಂಟು ಹಾಕಬೇಡಿ; ಚಿತ್ರದುರ್ಗದ ಸೀಮೆಯಲ್ಲಿ ಅದು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹೆಸರು. ಕೆಂಪಯ್ಯ, ಕರಿಯಪ್ಪ ಎಂಬವೂ ಮೈಬಣ್ಣದಿಂದಲೇ ಬಂದವೆಂದೇನಿಲ್ಲ, ಕೆಂಪಮ್ಮ, ಕರಿಯಮ್ಮ ಎಂಬ ದೇವತೆಗಳ ಒಕ್ಕಲಿನಲ್ಲೂ ಹಾಗೆ ಹೆಸರಿಡುತ್ತಾರೆ. ತಿರಸ್ಕರಿಸುವ ಮುಂಚೆ ಯಾಕಿಟ್ಟರು ಎಂದು ಮನೆಯಲ್ಲಿ ಒಮ್ಮೆ ಕೇಳಿ.

ಮನೆಯ ಪಟ್ಟಿಯಲ್ಲಿ ಮನಸ್ಸಿಗೆ ಒಪ್ಪುವುದು ಸಿಗದಿದ್ದರೆ ಎರಡನೆಯ ಕಣಜ ಶಾಸನ, ಕಾವ್ಯ, ವಚನ. ಸುಮಾರು 450ರ ಹಲ್ಮಿಡಿ ಶಾಸನದಲ್ಲೇ ಮೃಗೇಶ, ನಾಗ ಎಂಬ ಹೆಸರುಗಳಿವೆ. ಶಿವಶರಣರಲ್ಲಿ ಅಲ್ಲಮ, ಸಿದ್ಧರಾಮ, ಮಾಚಯ್ಯ, ಚಂದಯ್ಯ, ಚೌಡಯ್ಯ. ಕವಿಗಳಲ್ಲಿ ಪಂಪ, ಪೊನ್ನ, ರನ್ನ, ಜನ್ನ, ಹರಿಹರ. ಇಲ್ಲಿ ಅಚ್ಚಗನ್ನಡದ ರುಚಿ ಇರುವುದು ತದ್ಭವಗಳಲ್ಲಿ. ರತ್ನ ಕನ್ನಡಕ್ಕೆ ಬಂದು ರನ್ನವಾಯಿತು, ವೃಷಭ ಬಸವನಾಯಿತು. ಪೊನ್ನ ಮಾತ್ರ ಎಲ್ಲಿಂದಲೂ ಬಂದದ್ದಲ್ಲ. ಪೊನ್ ಎಂದರೆ ನಮ್ಮದೇ ಹೊನ್ನು. ಎರಡಕ್ಷರ, ಒತ್ತು ಒಂದು, ಅರ್ಥ ಹೇಳಲು ನಿಘಂಟು ಬೇಡ. ಇಂದಿನ ಕಿವಿಗೂ ಹೊಸದಾಗಿ ಕೇಳುವ ಹಳೇ ಹೆಸರು ಬೇಕೆಂದರೆ ರನ್ನನಿಗಿಂತ ಒಳ್ಳೆಯದು ಸಿಗುವುದು ಕಷ್ಟ.

ಆದರೆ ಪುಸ್ತಕದಲ್ಲಿ ಚೆಂದವಿದ್ದದ್ದೆಲ್ಲ ಬೀದಿಯಲ್ಲಿ ಉಳಿಯುವುದಿಲ್ಲ. ವಿಷ್ಣುವರ್ಧನನ ಮೊದಲ ಹೆಸರು ಬಿಟ್ಟಿದೇವ. ವಿಷ್ಣು ಎಂಬುದೇ ಬಾಯಲ್ಲಿ ಸವೆದು ಬಿಟ್ಟಿಯಾದದ್ದು. ಹೊಯ್ಸಳರ ಕಾಲಕ್ಕೆ ರಾಜನ ಹೆಸರು. ಈಗ ಶಾಲೆಯ ಮೊದಲ ವಾರದಲ್ಲೇ ‘ಏ ಬಿಟ್ಟಿ’ ಆಗುತ್ತದೆ, ಅರ್ಥ ಪುಕ್ಕಟೆ. ರಾಷ್ಟ್ರಕೂಟ ಕೃಷ್ಣನನ್ನು ಕನ್ನರ ಎನ್ನುತ್ತಿದ್ದರು. ಎಷ್ಟು ಸೊಗಸು! ಆದರೆ ಕರೆಯುವವರು ಕೊನೆಯ ಅಕ್ಷರ ನುಂಗಿದರೆ ಉಳಿಯುವುದು ಕನ್ನ, ಕಳ್ಳರು ಹಾಕುವಂಥದ್ದು. ಪಂಪನಿಗೆ ಪಂಪ್‌ಸೆಟ್, ಬುಕ್ಕನಿಗೆ ಪುಸ್ತಕ ಕಾದಿರುತ್ತವೆ.

ಅದಕ್ಕೇ ಈ ಪರೀಕ್ಷೆ ಬಿಡಬಾರದು: ಉಳಿದ ಎರಡು ಮೂರು ಹೆಸರುಗಳನ್ನು ಮನೆಯವರೆಲ್ಲ ಒಂದು ವಾರ ಬಾಯಲ್ಲಿ ಆಡಿಸಿ. ಅಡುಗೆಮನೆಯಿಂದ ಅಂಗಳಕ್ಕೆ ಕೂಗಿ, ಸಿಟ್ಟಿನಲ್ಲಿ ಕರೆಯಿರಿ, ಹುಷಾರಿಲ್ಲದ ಮಗುವನ್ನು ಕರೆಯುವಂತೆ ಮೆಲ್ಲಗೆ ಕರೆಯಿರಿ. ಧಾರವಾಡದ ಕಡೆ ಬಸಪ್ಪ ಬಸ್ಯಾ ಆಗುತ್ತಾನೆ, ಮಲ್ಲಪ್ಪ ಮಲ್ಯಾ ಆಗುತ್ತಾನೆ. ಮೈಸೂರಿನ ಕಡೆ ನಂಜುಂಡ ನಂಜನಾಗುತ್ತಾನೆ, ನಂಜು ಎಂದರೆ ವಿಷ. ಕೂಗಲು ತುಂಡಾಗುವ ಹೆಸರಿಗೆ ನೀವೇ ಒಂದು ಒಳ್ಳೆಯ ತುಂಡು ಮೊದಲೇ ಇಟ್ಟುಬಿಡಿ. ಸಿದ್ಧರಾಮನನ್ನು ಮೊದಲ ದಿನದಿಂದ ‘ಸಿದ್ದು’ ಎಂದು ಕರೆದರೆ ಊರೂ ಹಾಗೇ ಕರೆಯುತ್ತದೆ. ಬಿಟ್ಟರೆ ಊರು ತನಗೆ ತೋಚಿದ್ದನ್ನು ಇಡುತ್ತದೆ.

ಮಾವನ ಹೆಸರಿಡುವ ಮನೆಗಳಲ್ಲಿ ಇನ್ನೊಂದು ತೊಡಕು. ಸೊಸೆ ಮಾವನ ಹೆಸರು ಹೇಳಬಾರದು ಎಂಬ ಕಟ್ಟು ಇನ್ನೂ ಇರುವ ಕಡೆ ತಾಯಿಯೇ ಮಗನನ್ನು ಹೆಸರು ಹಿಡಿದು ಕರೆಯಲಾರಳು, ಬೈಯುವುದಂತೂ ದೂರವೇ. ಹಾಗಾಗಿ ಮಗು ‘ಅಪ್ಪಯ್ಯ’, ‘ತಾತ’ ಆಗಿಬಿಡುತ್ತದೆ, ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿಯುತ್ತದೆ. ತಾಯಿಗೆ ಒಪ್ಪಿಗೆಯೇ ಎಂದು ನೇರವಾಗಿ ಕೇಳಿಕೊಳ್ಳಿ. ದಿನಕ್ಕೆ ನೂರು ಸಲ ಕರೆಯುವವಳು ಅವಳು.

ಜೋಯಿಸರು ಅಕ್ಷರ ಕೊಟ್ಟಿದ್ದರೆ ಗಾಬರಿ ಬೇಡ. 27 ನಕ್ಷತ್ರ, ತಲಾ 4 ಪಾದ, ಒಟ್ಟು 108 ಅಕ್ಷರ. ಮಘೆಗೆ ಮಾ, ಮಿ, ಮು, ಮೆ ಬಂದರೆ ಮಾದೇವ, ಮಾಚಯ್ಯ, ಮಾರಯ್ಯ ಕೈಗೆ ಸಿಗುತ್ತಾರೆ. ಆರಿದ್ರೆಯ ಮೂರನೆಯ ಪಾದಕ್ಕೆ ಬರುವುದು ಙ. ಅದರಿಂದ ಶುರುವಾಗುವ ಹೆಸರೇ ಇಲ್ಲ. ಇದಕ್ಕೆ ದಾರಿ ಹಿಂದಿನವರೇ ಮಾಡಿಟ್ಟಿದ್ದಾರೆ: ನಕ್ಷತ್ರನಾಮ ಬೇರೆ, ವ್ಯವಹಾರನಾಮ ಬೇರೆ. ಮೊದಲನೆಯದು ಸಂಕಲ್ಪಕ್ಕೆ, ಎರಡನೆಯದು ಕರೆಯಲು, ಬರೆಸಲು. ಗಂಡುಮಗುವಿಗೆ ಎರಡು ಅಥವಾ ನಾಲ್ಕು ಅಕ್ಷರವಿರಲಿ, ಘೋಷ ವ್ಯಂಜನದಿಂದ (ಗ, ಜ, ದ, ಬ ಥರದ್ದು) ಶುರುವಾಗಲಿ, ನಡುವೆ ಯ ರ ಲ ವ ಬರಲಿ ಎಂದು ಮನೆಯ ಸಂಸ್ಕಾರಗಳನ್ನು ಹೇಳುವ ಹಳೆಯ ಸಂಸ್ಕೃತ ಗ್ರಂಥ ಪಾರಸ್ಕರ ಗೃಹ್ಯಸೂತ್ರ ಹೇಳುತ್ತದೆ. ಅದನ್ನೇ ಹಿಡಿದರೆ ಮೂರಕ್ಷರದ ಬಸವನೂ ಅಲ್ಲಮನೂ ಫೇಲು.

ಇನ್ನು ಬರಹ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಆದರೆ ಹೆಸರು ಆಗಲೇ ಬೇಕೆಂದಿಲ್ಲ. ಆ ಕಾಲಂ ಖಾಲಿ ಬಿಡಬಹುದು. 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ, ಆಮೇಲೆ 15 ವರ್ಷದವರೆಗೆ ತಡವಾದ ಶುಲ್ಕ ಕಟ್ಟಿ ಸೇರಿಸಬಹುದು. ಆಸ್ಪತ್ರೆಯಲ್ಲಿ ಅವಸರ ಮಾಡಿದರೂ ತೊಟ್ಟಿಲು ಶಾಸ್ತ್ರ ಮುಗಿಯುವ ತನಕ ಕಾಯಿರಿ. 2023ರ ಅಕ್ಟೋಬರ್ 1ರಿಂದ ಈಚೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್, ಚಾಲನಾ ಪರವಾನಗಿಗೆಲ್ಲ ಜನನ ಪ್ರಮಾಣಪತ್ರವೇ ಆಧಾರ. ಅಲ್ಲಿ ತಪ್ಪಿದ ಅಕ್ಷರ ಎಲ್ಲ ಕಡೆಗೂ ಹಬ್ಬುತ್ತದೆ.

ಹಳೇ ಹೆಸರುಗಳು ಕೆಡುವುದು ಇಂಗ್ಲಿಷ್ ಕಾಗುಣಿತದಲ್ಲಿ. ತಿಮ್ಮಪ್ಪನಿಗೆ ‘ಟಿ’ ಆದಮೇಲೆ ‘ಎಚ್’ ಹಾಕದಿದ್ದರೆ ಹೊರರಾಜ್ಯದವರ ಬಾಯಲ್ಲಿ ಟಿಮ್ಮಪ್ಪ. ಮಾದೇಶನ ಕೊನೆಗೆ ‘ಎ’ ಬೇಕೋ ಬೇಡವೋ ಮೊದಲೇ ಗಟ್ಟಿಮಾಡಿ; ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಮುಂದೆ ಅಫಿಡವಿಟ್ ಮಾಡಿಸುತ್ತ ಓಡಾಟ. ಹರಳಯ್ಯನ ‘ಳ’ ಹೇಗೂ ಉಳಿಯುವುದಿಲ್ಲ, ಅದನ್ನು ಒಪ್ಪಿಕೊಂಡೇ ಇಡಿ. ‘ರನ್ನ’ ಎಂದು ಒಂದೇ ಪದ ಬರೆಸಿದರೆ ಉಪನಾಮ ಕೇಳುವ ಫಾರಂಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಊರಿನ, ತಂದೆಯ ಇನಿಷಿಯಲ್ ಹಾಕುವ ಬದಲು ತಂದೆಯ ಹೆಸರನ್ನೋ ಮನೆತನದ ಹೆಸರನ್ನೋ ಪೂರ್ತಿಯಾಗಿ ಸೇರಿಸಿ.

ನೋಂದಣಿಗೆ ಹೋಗುವಾಗ ಹೆಸರನ್ನು ಬಾಯಲ್ಲಿ ಹೇಳಬೇಡಿ. ಕನ್ನಡದಲ್ಲೂ ಇಂಗ್ಲಿಷ್‌ನ ದೊಡ್ಡ ಅಕ್ಷರಗಳಲ್ಲೂ ಚೀಟಿಯಲ್ಲಿ ಬರೆದು ಕೊಡಿ. ಟೈಪ್ ಮಾಡಿದ್ದನ್ನು ಪರದೆಯ ಮೇಲೆ ನೋಡಿ, ಸಿದ್ಧರಾಮನ ‘ದ್ಧ’ ‘ದ್ದ’ ಆಗಿದ್ದರೆ ಮುದ್ರಿಸುವ ಮೊದಲೇ ತಿದ್ದಿಸಿ.